ಬೇಡದೆ ಮನೆಗೆ ಬಂದ ಹಾಲುಪುಡಿ ಡಬ್ಬಿ



ದನದ ಡಾಕ್ಟರಿಗೆ ಬಾಣಂತಿಯ ವಿಷಯ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಗುಬ್ಬಿ, ಕುಣಿಗಲ್ ಕಡೆಯ ಸಂಘಗಳಿಗೆ ಹೋದಾಗ ಹಸುವಿನ ಬಗ್ಗೆ ಕೇಳಬೇಕಾದ್ದನ್ನೆಲ್ಲ ಕೇಳಿ ಮುಗಿದ ಮೇಲೆ, ನಾನು ಹೊರಡುವ ಹೊತ್ತಿಗೆ ಮನೆಯ ಹಿರಿಯ ಹೆಂಗಸರು ಮೆಲ್ಲಗೆ ಇನ್ನೊಂದು ಪ್ರಶ್ನೆ ಎತ್ತುವುದುಂಟು. "ಡಾಕ್ಟ್ರೇ, ಮಗಳು ಬಾಣಂತನಕ್ಕೆ ಬಂದವ್ಳೆ. ತುಮಕೂರಲ್ಲಿ ಯಾರೋ ಮಗೀಗೆ ಅಂತ ಹಾಲುಪುಡಿ ಡಬ್ಬಿ ಬಿಟ್ಟಿ ಕೊಟ್ಟವ್ರೆ. ತಾಯಿ ಹಾಲೇ ಬೇಕಾದಷ್ಟೈತೆ. ಡಬ್ಬಿನ ಕರುಗೆ ಹಾಕ್ಬೋದಾ?"

ಪ್ರಶ್ನೆ ಸಣ್ಣದು. ಉತ್ತರವನ್ನೂ ಮೊದಲೇ ಹೇಳಿಬಿಡುತ್ತೇನೆ. ಆ ಡಬ್ಬಿಯ ಮುಚ್ಚಳ ತೆಗೆಯಬೇಡಿ, ಬೇರೆ ಕೂಸಿನ ಮನೆಗೂ ದಾಟಿಸಬೇಡಿ, ಈಗತಾನೆ ಹುಟ್ಟಿದ ಕರುವಿಗೂ ಹಾಕಬೇಡಿ. ಕಾರಣ ತಿಳಿದುಕೊಳ್ಳಲು ತಮಗೆ ದೊಡ್ಡ ಪುಸ್ತಕವೇನೂ ಬೇಡ. ತಮ್ಮ ಕೊಟ್ಟಿಗೆಯೇ ಸಾಕು.

ಗಬ್ಬದ ಹಸುವಿನ ಹಾಲನ್ನು ಕರು ಹಾಕುವ ಎರಡು ತಿಂಗಳ ಮೊದಲೇ ಬತ್ತಿಸಬೇಕೆಂದು ನಾವು ಹೇಳುತ್ತಲೇ ಇರುತ್ತೇವೆ. ತಾವು ಅದನ್ನು ಹೇಗೆ ಮಾಡುತ್ತೀರಿ? ಹಿಂಡಿ ಕಡಿಮೆ ಮಾಡುತ್ತೀರಿ, ಒಂದು ಹೊತ್ತು ಕರೆಯುವುದನ್ನು ಬಿಡುತ್ತೀರಿ, ಆಮೇಲೆ ಪೂರ್ತಿ ನಿಲ್ಲಿಸುತ್ತೀರಿ. ಕೆಚ್ಚಲಿನಲ್ಲಿ ಉಳಿದ ಹಾಲೇ "ಇನ್ನು ಬೇಡ" ಎಂಬ ಸಂದೇಶವನ್ನು ಹಾಲಿನ ಗ್ರಂಥಿಗಳಿಗೆ ಕೊಡುತ್ತದೆ. ಕೆಲವೇ ದಿನಗಳಲ್ಲಿ ಹಾಲು ಬತ್ತುತ್ತದೆ. ತಾಯಿಯ ಎದೆಯಲ್ಲಿ ನಡೆಯುವುದೂ ಇದೇ. ಮಗು ಎಷ್ಟು ಚೀಪುತ್ತದೆಯೋ ಅಷ್ಟು ಹಾಲು ಉತ್ಪತ್ತಿಯಾಗುತ್ತದೆ. ಒಂದು ಹೊತ್ತು ಡಬ್ಬಿ ಹಾಲು ಕುಡಿದು ಮಲಗಿದ ಕೂಸು ಆ ಹೊತ್ತು ಎದೆ ಚೀಪುವುದಿಲ್ಲ. ಎದೆಯಲ್ಲಿ ಹಾಲು ಉಳಿಯುತ್ತದೆ, ಮರುದಿನ ಅಷ್ಟು ಕಡಿಮೆ ಬರುತ್ತದೆ. ಆಗ ಅತ್ತೆಯೋ ತಾಯಿಯೋ "ಹಾಲು ಸಾಲದು" ಎಂದು ಇನ್ನೊಂದು ಹೊತ್ತು ಡಬ್ಬಿ ಹಾಲು ಕುಡಿಸುತ್ತಾರೆ. ಹಸುವಿಗೆ ನಾವು ಬೇಕೆಂದೇ ಮಾಡುವ ಕೆಲಸವನ್ನು ಬಾಣಂತಿಗೆ ಅರಿವಿಲ್ಲದೆ ಮಾಡಿದಂತಾಯಿತು.

ಇನ್ನು ಲೆಕ್ಕ ನೋಡೋಣ. ಎರಡು ಮೂರು ತಿಂಗಳ ಕೂಸಿಗೆ ಪೂರ್ತಿಯಾಗಿ ಪುಡಿ ಹಾಲನ್ನೇ ಕೊಟ್ಟರೆ ದಿನಕ್ಕೆ ಹೆಚ್ಚುಕಡಿಮೆ 100 ಗ್ರಾಂ ಪುಡಿ ಬೇಕು. 400 ಗ್ರಾಂ ಡಬ್ಬಿ ನಾಲ್ಕು ದಿನಕ್ಕೆ ಮುಗಿಯಿತು. ಬಿಟ್ಟಿ ಬಂದದ್ದು ಆ ಒಂದು ಡಬ್ಬಿ ಮಾತ್ರ. ಐದನೆಯ ದಿನ ಅಂಗಡಿಗೆ ಹೋಗುವವರು ತಾವು, ಅಷ್ಟು ಹೊತ್ತಿಗೆ ಎದೆಹಾಲೂ ಇಳಿಮುಖವಾಗಿರುತ್ತದೆ. ತಿಂಗಳಿಗೆ ಏಳೆಂಟು ಡಬ್ಬಿಯ ಹಣವನ್ನು ಸಂಘದ ಬಟವಾಡೆಯಿಂದಲೇ ತೆಗೆಯಬೇಕು. ಆಗ ಮನೆಯಲ್ಲಿ ಏನಾಗುತ್ತದೆಂದು ಎಲ್ಲರಿಗೂ ಗೊತ್ತು: ಮೂರು ಚಮಚ ಹಾಕುವಲ್ಲಿ ಎರಡು ಹಾಕುತ್ತಾರೆ. ಕೂಸಿನ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ.

"ನಮ್ಮ ಮನೆಯಲ್ಲೇ ಹಸುವಿನ ಹಾಲಿದೆಯಲ್ಲ, ಪುಡಿ ಏಕೆ?" ಎನ್ನುವವರಿಗೂ ಒಂದು ಮಾತು. ಹಾಲು ಮಾರಿ ಬದುಕುವ ನಾವೇ ಇದನ್ನು ಹೇಳಬೇಕು: ಆರು ತಿಂಗಳೊಳಗಿನ ಕೂಸಿಗೆ ಹಸುವಿನ ಹಾಲಲ್ಲ, ತಾಯಿ ಹಾಲು ಮಾತ್ರ. ತಾವು ದಿನವೂ ಫ್ಯಾಟ್, ಎಸ್.ಎನ್.ಎಫ್. ಚೀಟಿ ನೋಡುವವರು, ಅದೇ ಭಾಷೆಯಲ್ಲಿ ಹೇಳುತ್ತೇನೆ. ತಾಯಿ ಹಾಲನ್ನು ಪರೀಕ್ಷಿಸಿದರೆ ಫ್ಯಾಟ್ ಮೂರೂವರೆ ನಾಲ್ಕರ ಹತ್ತಿರ, ಎಸ್.ಎನ್.ಎಫ್. ಎಂಟರ ಆಸುಪಾಸು. ಮೇಲುನೋಟಕ್ಕೆ ಹಸುವಿನ ಹಾಲಿನಂತೆಯೇ. ಆದರೆ ಆ ಎಸ್.ಎನ್.ಎಫ್. ಒಳಗೆ ಏನಿದೆ ನೋಡಿ. ತಾಯಿ ಹಾಲಿನಲ್ಲಿ ಸಸಾರಜನಕ ನೂರಕ್ಕೆ ಒಂದು ಭಾಗ, ಹಸುವಿನದರಲ್ಲಿ ಮೂರಕ್ಕಿಂತ ಹೆಚ್ಚು. ಖನಿಜಾಂಶ ತಾಯಿ ಹಾಲಿನಲ್ಲಿ 0.2, ಹಸುವಿನದರಲ್ಲಿ 0.7. ಹಾಲಿನ ಸಕ್ಕರೆ ಮಾತ್ರ ತಾಯಿ ಹಾಲಿನಲ್ಲೇ ಜಾಸ್ತಿ, ಸುಮಾರು 7. ಕರು ಒಂದೂವರೆ ಎರಡು ತಿಂಗಳಲ್ಲಿ ಹುಟ್ಟಿದಾಗಿನ ತೂಕದ ಎರಡರಷ್ಟಾಗಬೇಕು, ಎದ್ದು ಓಡಾಡಬೇಕು. ಮನುಷ್ಯರ ಕೂಸಿಗೆ ಅದಕ್ಕೆ ಐದು ತಿಂಗಳಾದರೂ ಅವಸರವಿಲ್ಲ. ಕರುವಿಗಾಗಿ ಬಂದ ಹಾಲು ಎಳೆಕೂಸಿನ ಮೂತ್ರಪಿಂಡಕ್ಕೆ ಹೊರೆ. ಎಮ್ಮೆ ಹಾಲಂತೂ ಇನ್ನೂ ಗಟ್ಟಿ.

ಗಿಣ್ಣದ ಹಾಲಿನ ವಿಷಯ ತಮಗೆ ಹೊಸದಲ್ಲ. ಹಸುವಿನ ಗರ್ಭದಲ್ಲಿ ತಾಯಿಯ ರೋಗನಿರೋಧಕ ಅಂಶಗಳು ಕರುವಿಗೆ ದಾಟುವುದಿಲ್ಲ. ಎಲ್ಲವೂ ಗಿಣ್ಣಿನ ಮೂಲಕವೇ ಬರಬೇಕು, ಅದೂ ಮೊದಲ 24 ಗಂಟೆಯೊಳಗೆ. ಆಮೇಲೆ ಕರುಳಿನ ಬಾಗಿಲು ಮುಚ್ಚಿಬಿಡುತ್ತದೆ. ಆದ್ದರಿಂದಲೇ 30 ಕಿಲೋ ತೂಗುವ ಕರುವಿಗೆ ಮೊದಲ ದಿನ ಸುಮಾರು 3 ಲೀಟರ್ ಗಿಣ್ಣು, ಮೊದಲ ಪಾಲು ಒಂದೆರಡು ಗಂಟೆಯೊಳಗೆ, ಎಂದು ನಾವು ಪಟ್ಟು ಹಿಡಿಯುವುದು. ಗಿಣ್ಣು ನಮಗೂ ಬಲು ರುಚಿ, ಆದರೆ ಸರದಿಯಲ್ಲಿ ಕರು ಮೊದಲು. ಮನುಷ್ಯರಲ್ಲಿ ಸ್ವಲ್ಪ ರಕ್ಷಣೆ ಗರ್ಭದಲ್ಲೇ ಸಿಗುತ್ತದೆ, ನಿಜ. ಆದರೆ ಕರುಳಿಗೆ ಲೇಪವಾಗಿ ನಿಂತು ಭೇದಿಯಿಂದ ಕಾಯುವ ಅಂಶ ಬರುವುದು ಮೊದಲ ದಿನಗಳ ಹಳದಿ ಹಾಲಿನಿಂದ. ಹುಟ್ಟಿದ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಾಕಬೇಕು. ಕರುವಿಗೆ ಗಿಣ್ಣು ತಪ್ಪಿಸಬಾರದೆಂದು ತಿಳಿದಿರುವ ಮನೆಯಲ್ಲೇ ಆ ಹಳದಿ ಹಾಲನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲಿ, ಕೂಸಿಗೆ ಸಕ್ಕರೆ ನೀರು, ಜೇನುತುಪ್ಪ ನೆಕ್ಕಿಸುವುದನ್ನು ಕಂಡಾಗ ಏನು ಹೇಳುವುದು?

ಹಾಗೆಂದು ಹಾಲುಪುಡಿ ವಿಷವೆಂದು ನಾನು ಹೇಳುತ್ತಿಲ್ಲ. ಅದರ ಹಿಂದೆ ನಮ್ಮ ನಾಡಿನದೇ ಒಂದು ಕಥೆಯಿದೆ. ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡಲಾಗದೆಂದು ಹೊರದೇಶದ ತಜ್ಞರು ಹೇಳುತ್ತಿದ್ದ ಕಾಲದಲ್ಲಿ, ಅದರ ತಯಾರಿಕಾ ವಿಧಾನವನ್ನು 1950ರ ದಶಕದಲ್ಲಿ ಕಂಡುಹಿಡಿದದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. ಅದನ್ನು 1960ರ ಸುಮಾರಿಗೆ ತಯಾರಿಸತೊಡಗಿದ್ದು ಗುಜರಾತಿನ ಆನಂದದಲ್ಲಿರುವ ಅಮುಲ್, ಅಂದರೆ ನಮ್ಮಂಥದೇ ಹಾಲು ಉತ್ಪಾದಕರ ಸಹಕಾರ ಸಂಸ್ಥೆ. ತಾಯಿ ಇಲ್ಲದ ಮಗುವಿಗೆ, ಕಾಯಿಲೆಯಿಂದ ಹಾಲೂಡಲಾಗದ ತಾಯಿಯ ಮಗುವಿಗೆ ಅದು ಜೀವ ಉಳಿಸುವ ವಸ್ತು. ತೊಂದರೆ ಪುಡಿಯಲ್ಲಿಲ್ಲ, ಎದೆ ತುಂಬ ಹಾಲಿರುವವಳ ಕೈಗೆ ಅದನ್ನು ಬಿಟ್ಟಿಯಾಗಿ ಇಡುವುದರಲ್ಲಿದೆ.

ಈ ಬಿಟ್ಟಿ ಡಬ್ಬಿಯ ಉಪಾಯ ಹಳೆಯದು. ಬಡ ದೇಶಗಳಲ್ಲಿ ಇದರಿಂದ ಕೂಸುಗಳು ಸೊರಗಿ ಸಾಯುತ್ತಿವೆ ಎಂದು 1970ರ ದಶಕದಲ್ಲಿ ಜಗತ್ತಿನಾದ್ಯಂತ ಗದ್ದಲವೆದ್ದಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಮಹಾಸಭೆ ಇಂಥ ಮಾರಾಟ ಪ್ರಚಾರಕ್ಕೆ ನಿಯಮಾವಳಿಯನ್ನು ಒಪ್ಪಿತು. ನಮ್ಮ ದೇಶ ಒಂದು ಹೆಜ್ಜೆ ಮುಂದೆ ಹೋಗಿ 1992ರಲ್ಲಿ ಕಾಯ್ದೆಯನ್ನೇ ಮಾಡಿತು. ಅದು 1993ರ ಆಗಸ್ಟ್ 1ರಿಂದ ಜಾರಿಗೆ ಬಂದಿತು. 2003ರ ತಿದ್ದುಪಡಿಯಿಂದ ಎರಡು ವರ್ಷದವರೆಗಿನ ಮಕ್ಕಳ ಆಹಾರಕ್ಕೂ ಅದು ಅನ್ವಯವಾಗುತ್ತದೆ. ಶಿಶು ಹಾಲುಪುಡಿ, ಹಾಲುಣಿಸುವ ಬಾಟಲಿಗಳ ಮಾದರಿಯನ್ನು ಪ್ರಚಾರಕ್ಕಾಗಿ ಹಂಚುವಂತಿಲ್ಲ. ಅದಕ್ಕಾಗಿ ಗರ್ಭಿಣಿಯನ್ನಾಗಲಿ ಹಸುಗೂಸಿನ ತಾಯಿಯನ್ನಾಗಲಿ ಸಂಪರ್ಕಿಸುವಂತೆಯೇ ಇಲ್ಲ. ದಾನ ಕೊಡುವುದಾದರೂ ಅನಾಥಾಲಯಕ್ಕೆ ಮಾತ್ರ. ಮೀರಿದವರಿಗೆ 3 ವರ್ಷದವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಡಬ್ಬಿಯ ಮೇಲೆ ತಾಯಿಯ ಹಾಲೇ ಶ್ರೇಷ್ಠವೆಂದು ದಪ್ಪ ಅಕ್ಷರದಲ್ಲಿ ಅಚ್ಚಾಗಿರಬೇಕು. ತಾಯಿಯ ಅಥವಾ ಮಗುವಿನ ಚಿತ್ರ ಇರಕೂಡದು. ಮನೆಯಲ್ಲಿರುವ ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ.

ಈಗ ಡಬ್ಬಿಯ ವಿಲೇವಾರಿ. ಮುಚ್ಚಳ ತೆಗೆಯದ ಡಬ್ಬಿಯಾದರೆ ಕೊಟ್ಟವರಿಗೇ ವಾಪಸು ಕೊಡುವುದಕ್ಕೆ ಮೊದಲು ಅದರ ಬ್ಯಾಚ್ ನಂಬರ್, ಕೊಟ್ಟ ದಿನ, ಕೊಟ್ಟ ಜಾಗವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಇನ್ನೂ ಒಳ್ಳೆಯದೆಂದರೆ ಡಬ್ಬಿಯನ್ನೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಅಥವಾ ತಾಲ್ಲೂಕು ಆರೋಗ್ಯಾಧಿಕಾರಿಗೆ ಒಪ್ಪಿಸಿ, ವಿಷಯ ತಿಳಿಸುವುದು. ಆಶಾ ಕಾರ್ಯಕರ್ತೆಯ ಮೂಲಕವೂ ಕಳುಹಿಸಬಹುದು. ಪಡೆದ ತಾಯಿ ತಪ್ಪಿತಸ್ಥಳಲ್ಲ, ಹೆದರಬೇಕಾಗಿಲ್ಲ.

"ಪಕ್ಕದ ಮನೆಯಲ್ಲೂ ಕೂಸಿದೆ, ಪಾಪ, ಅವರಿಗಾದರೂ ಆಗಲಿ" ಎಂಬುದು ಹಳ್ಳಿಯ ಒಳ್ಳೆಯ ಮನಸ್ಸು. ಆದರೆ ಮೇಲೆ ಹೇಳಿದ ಬತ್ತಿಸುವ ಕೆಲಸ ಆಗ ಆ ಮನೆಯಲ್ಲಿ ನಡೆಯುತ್ತದೆ. ಕೊಡಬೇಡಿ.

ಕರುವಿಗೆ ಏಕೆ ಬೇಡ ಎಂಬುದು ನನ್ನ ವೃತ್ತಿಗೆ ಸೇರಿದ ಪ್ರಶ್ನೆ. ಕರುಗಳಿಗೆಂದೇ ಮಾಡಿದ ಬದಲಿ ಹಾಲುಪುಡಿಯಲ್ಲಿ ಸಸಾರಜನಕ ಶೇಕಡಾ 20ಕ್ಕೂ ಹೆಚ್ಚಿರುತ್ತದೆ. ಹುಟ್ಟಿದ ಕೂಸಿನ ಪುಡಿಯಲ್ಲಿ ಅದರ ಅರ್ಧದಷ್ಟು. ಅದನ್ನು ಕುಡಿಸಿದರೆ ಕರು ಬೆಳೆಯದು, ಹಾಲು ದಿಢೀರನೆ ಬದಲಾದರೆ ಭೇದಿ ಕಟ್ಟಿಟ್ಟದ್ದು. ಡಬ್ಬಿಯನ್ನು ಆಗಲೇ ಒಡೆದಿದ್ದರೆ, ಅವಧಿ ಮೀರಿಲ್ಲದಿದ್ದರೆ, ದೊಡ್ಡವರ ಕಾಫಿಗೋ ರಾಗಿ ಗಂಜಿಗೋ ಬಳಸಿ ಮುಗಿಸಿ, ಅದು ಆಹಾರವೇ. ಗಂಟುಗಟ್ಟಿದ್ದರೆ, ಬೂಸ್ಟು ಹಿಡಿದಿದ್ದರೆ, ಅವಧಿ ಮೀರಿದ್ದರೆ ತಿಪ್ಪೆಗುಂಡಿಯ ಒಳಗೆ ಹಾಕಿ ಮೇಲೆ ಸಗಣಿ ಮುಚ್ಚಿ. ಒಂದೇ ಒಂದು ಕೆಲಸ ಮಾಡಬೇಡಿ: ಕದಡಿ ಸಂಘದ ಹಾಲಿಗೆ ಬೆರೆಸಬೇಡಿ. ಎಸ್.ಎನ್.ಎಫ್. ಏರುತ್ತದೆಂಬ ಆಸೆ ಕೆಲವರಿಗೆ ಬರುತ್ತದೆಂದು ನನಗೆ ಗೊತ್ತು. ಅದು ಕಲಬೆರಕೆ, ಹಲವು ಶಿಶು ಪುಡಿಗಳಲ್ಲಿ ಸಸ್ಯಜನ್ಯ ಎಣ್ಣೆಯೂ ಇರುತ್ತದೆ. ಒಬ್ಬರ ಒಂದು ಡಬ್ಬಿಯಿಂದ ಇಡೀ ಸಂಘದ ಕ್ಯಾನು ಮಲ್ಲಸಂದ್ರದ ಡೇರಿಯಲ್ಲಿ ತಿರಸ್ಕೃತವಾಗಬಹುದು.

ವೈದ್ಯರೇ ಪರೀಕ್ಷಿಸಿ ಪುಡಿ ಹಾಲು ಬರೆದುಕೊಟ್ಟ ಕೂಸುಗಳ ಮಾತು ಬೇರೆ. ಅವರು ಹೇಳಿದ ಅಳತೆಯನ್ನು ಚಾಚೂ ತಪ್ಪಬಾರದು. ಪುಡಿ ಕ್ರಿಮಿರಹಿತವಲ್ಲ. ಆದ್ದರಿಂದ ಕುದಿಸಿದ ನೀರು 70 ಡಿಗ್ರಿಗಿಂತ ಆರುವ ಮೊದಲೇ ಕದಡಬೇಕು, ಕುಡಿಯುವ ಹದಕ್ಕೆ ಆರಿಸಿ ಕೂಡಲೇ ಕುಡಿಸಬೇಕು, ಉಳಿದದ್ದನ್ನು ಚೆಲ್ಲಬೇಕು. ಬಾಟಲಿ ಬೇಡ. ಹಾಲಿನ ಕ್ಯಾನು ತೊಳೆಯುವುದೇ ಎಷ್ಟು ಕಷ್ಟವೆಂದು ತಿಳಿದ ತಮಗೆ ರಬ್ಬರ್ ನಿಪ್ಪಲ್ಲಿನ ಒಳಗನ್ನು ತೊಳೆಯುವ ಕಷ್ಟ ಹೇಳಬೇಕೆ? ಅಜ್ಜಿಯ ಕಾಲದ ಒಳಲೆ ಅಥವಾ ಬಟ್ಟಲು ಚಮಚವೇ ವಾಸಿ, ಆಸ್ಪತ್ರೆಗಳಲ್ಲೂ ಅದನ್ನೇ ಹೇಳುತ್ತಾರೆ. ಶಾಲೆ, ಅಂಗನವಾಡಿಗಳಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದ ಹಾಲುಪುಡಿ ಕೂಡ ದೊಡ್ಡ ಮಕ್ಕಳಿಗಾಗಿ ಬಂದದ್ದು. ಎಳೆಕೂಸಿಗೆ ಅದು ಸಲ್ಲದು.

ಡಬ್ಬಿಯ ಮುಚ್ಚಳ ತೆಗೆಯುವಂತೆ ಮಾಡುವುದು ಬಹಳ ಸಲ ಹಾಲಿನ ಕೊರತೆಯಲ್ಲ, ಕೆಲಸದ ಹೊರೆ. ಮೂರನೇ ತಿಂಗಳಿಗೇ ಸೊಸೆ ಮುಂಜಾನೆ ಐದಕ್ಕೆದ್ದು ಎರಡು ಹಸು ಕರೆದು, ಸಗಣಿ ಬಾಚಿ, ಸಂಘಕ್ಕೆ ಹಾಲು ಹಾಕಿ, ಹುಲ್ಲು ತಂದರೆ ಕೂಸಿಗೆ ಹಾಲೂಡುವುದು ಯಾವಾಗ? ಗದರಿ ಹೊಡೆದರೆ ಹಸುವೇ ಸೊರೆ ಬಿಡುವುದಿಲ್ಲ, ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ. ದಣಿದು ನೊಂದ ಬಾಣಂತಿಗೂ ಹಾಗೆಯೇ. ಆರು ತಿಂಗಳವರೆಗೆ ಬೆಳಗಿನ ಕರೆಯುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಳ್ಳಲಿ. ಅವಳು ಹೊಲಕ್ಕೆ ಹೋಗಲೇಬೇಕಾದರೆ ಕೈ ತೊಳೆದು, ಶುಚಿಯಾದ ಸ್ಟೀಲ್ ಬಟ್ಟಲಿಗೆ ಎದೆಹಾಲು ಹಿಂಡಿ ಮುಚ್ಚಿಟ್ಟು ಹೋಗಬಹುದು. ಮನೆಯ ತಂಪಾದ ಮೂಲೆಯಲ್ಲಿ ನಾಲ್ಕು ಗಂಟೆ ಕೆಡುವುದಿಲ್ಲ. ಕಾಯಿಸಕೂಡದು. ಅಜ್ಜಿ ಅದನ್ನು ಒಳಲೆಯಲ್ಲಿ ಕುಡಿಸಲಿ.

ಖಾಲಿ ಡಬ್ಬಿಯಲ್ಲಿ ಖನಿಜ ಮಿಶ್ರಣ ಇಡುವವರು ಲೇಬಲ್ ಕಿತ್ತು ಹಾಕಿ, ಹೊರಗೆ "ಹಸುವಿಗೆ" ಎಂದು ದಪ್ಪವಾಗಿ ಬರೆದಿಡಿ. ಕ್ರಿಮಿನಾಶಕ, ಉಣ್ಣೆ ಔಷಧಿಗಳನ್ನು ಮಾತ್ರ ಅದರಲ್ಲಿ ಎಂದೂ ಹಾಕಬೇಡಿ. ಮಗುವಿನ ಡಬ್ಬಿಯೆಂದು ಯಾರಾದರೂ ಕತ್ತಲಲ್ಲಿ ಕೈ ಹಾಕಿಯಾರು.