ಕೊಳ್ಳೆಹೋದ ಪವಿತ್ರ ವಸ್ತುಗಳು, ಉಳಿದ ಬರಹಗಳು

ಯುದ್ಧಕಾಲದಲ್ಲಿ ಖಜಾನೆಯ ನಂತರ ಸೈನಿಕರ ಕಣ್ಣು ಬೀಳುವುದು ದೇವಾಲಯಗಳ ಮೇಲೆ. ಬಲಿಪೀಠದ ಬೆಳ್ಳಿ, ವಿಗ್ರಹದ ಬಂಗಾರ ಅವರಿಗೆ ಬರಿಯ ಲೋಹ. ಭಕ್ತರಿಗಾದರೋ ತಲೆಮಾರುಗಳ ಪ್ರಾರ್ಥನೆಯ ಗುರುತು.

ಕರಾವಳಿಯಿಂದ ಬಂದು ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ನೆಲೆಸಿರುವ ಕಥೋಲಿಕ ಕುಟುಂಬಗಳಿಗೆ 1784 ನೋವಿನ ವರ್ಷ. ಕ್ರೈಸ್ತರು ಆಂಗ್ಲರಿಗೆ ನೆರವಾದರೆಂದು ಶಂಕಿಸಿದ ಟಿಪ್ಪು ಸುಲ್ತಾನನು ಅವರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಆಸ್ತಿಗಳನ್ನು ಮುಟ್ಟುಗೋಲು ಹಾಕಿಸಿದನು. ಮಂಗಳೂರಿನ ರೊಜಾರಿಯೊ, ಮಿಲಾಗ್ರಿಸ್ ಸೇರಿದಂತೆ ಅನೇಕ ಇಗರ್ಜಿಗಳು ನೆಲಸಮವಾದವು. 1799ರಲ್ಲಿ ಬಿಡುಗಡೆಯಾದ ನಂತರ ಊರಿಗೆ ಮರಳಿದವರು ಸುಮಾರು 10,000 ಮಂದಿಯೆಂದು ಕೆನರಾದ ಕಲೆಕ್ಟರ್ ಥಾಮಸ್ ಮನ್ರೋ ಅಂದಾಜಿಸಿದರು. ರೊಜಾರಿಯೊ ಇಗರ್ಜಿ 1813ರಲ್ಲಿ ಮತ್ತೆ ಎದ್ದುನಿಂತಿತು.

ಇಂಥದೇ ಆಘಾತವನ್ನು 1791ರಲ್ಲಿ ಶೃಂಗೇರಿ ಅನುಭವಿಸಿತು. ಮೂರನೆಯ ಮೈಸೂರು ಯುದ್ಧದಲ್ಲಿ ಪರಶುರಾಮ ಭಾವು ಪಟವರ್ಧನನ ಮರಾಠ ಸೇನೆಯೊಡನೆ ಬಂದ ಪಿಂಡಾರಿಗಳು ಮಠವನ್ನು ಸೂರೆಗೈದರು, ಅನೇಕರನ್ನು ಕೊಂದರು, ಶಾರದಾಂಬೆಯ ವಿಗ್ರಹವನ್ನು ಸ್ಥಾನಭ್ರಷ್ಟಗೊಳಿಸಿದರು. ದಾಳಿಗೈದವರೂ ಹಿಂದೂ ಅರಸರ ಪಡೆಯವರೇ! ಕಾರ್ಕಳಕ್ಕೆ ತೆರಳಿದ ಶ್ರೀ ಸಚ್ಚಿದಾನಂದ ಭಾರತೀ ಸ್ವಾಮಿಗಳು ಟಿಪ್ಪುವಿನ ನೆರವು ಬೇಡಿದರು. ಅವನು ದುಃಖ ವ್ಯಕ್ತಪಡಿಸಿ, ವಿಗ್ರಹದ ಪುನಃಪ್ರತಿಷ್ಠೆಗಾಗಿ 200 ರಾಹತಿ ನಗದನ್ನೂ 200 ರಾಹತಿ ಬೆಲೆಯ ಧಾನ್ಯವನ್ನೂ ಕೊಡುವಂತೆ ಬಿದನೂರಿನ ಅಧಿಕಾರಿಗೆ ಆಜ್ಞಾಪಿಸಿದನು.

ಇಗರ್ಜಿಗಳನ್ನು ಕೆಡವಿಸಿದ ಅರಸನೇ ಮಠಕ್ಕೆ ನೆರವಾದನು. ಈ ಎರಡು ಸತ್ಯಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚುವುದು ನಮಗೆ ಶೋಭಿಸದು. ಎರಡನೆಯದು ಲೋಕಕ್ಕೆ ಚೆನ್ನಾಗಿ ತಿಳಿದುಬಂದದ್ದು 1916ರಲ್ಲಿ, ಮೈಸೂರು ಪುರಾತತ್ತ್ವ ಇಲಾಖೆಯ ಆರ್. ನರಸಿಂಹಾಚಾರ್ಯರಿಗೆ ಮಠದಲ್ಲಿ ಕನ್ನಡ ಪತ್ರಗಳ ಕಟ್ಟು ದೊರೆತಾಗ. ಬರಹವನ್ನು ಜೋಪಾನವಾಗಿ ಇಟ್ಟಿದ್ದರಿಂದಲೇ ಇತಿಹಾಸ ಉಳಿಯಿತು.

ಯುರೋಪಿನಲ್ಲಿಯೂ ಹೀಗೆಯೇ. ವೆನಿಸ್‌ನ ಸಂತ ಮಾರ್ಕರ ದೇವಾಲಯದ ಕಂಚಿನ ಕುದುರೆಗಳನ್ನು 1797ರಲ್ಲಿ ನೆಪೋಲಿಯನ್ ಪ್ಯಾರಿಸ್ಸಿಗೆ ಒಯ್ದನು. 1815ರಲ್ಲಿ ಅವು ಮರಳಿದವು. ಆದರೆ ಅವೂ 1204ರಲ್ಲಿ ಶಿಲುಬೆಯುದ್ಧದ ಯೋಧರು ಕಾನ್‌ಸ್ಟಾಂಟಿನೋಪಲ್‌ನಿಂದ ದೋಚಿ ತಂದವೇ! ಲೂಟಿಯ ಪಾಪದಿಂದ ಕ್ರೈಸ್ತರೂ ಮುಕ್ತರಲ್ಲ. ಯುದ್ಧಕಾಲದಲ್ಲಿ ಇಂತಹ ಸಂಪತ್ತನ್ನು ರಕ್ಷಿಸಲೆಂದು ರೂಪುಗೊಂಡ 1954ರ ಹೇಗ್ ಒಪ್ಪಂದವನ್ನು ಭಾರತವು 1958ರಲ್ಲಿ ಅಂಗೀಕರಿಸಿದೆ.

ಕಳೆದುಹೋದದ್ದನ್ನು ಕೇಳಿ ಪಡೆಯಬೇಕಾದರೆ ಅದು ನಮ್ಮದೆನ್ನಲು ದಾಖಲೆ ಬೇಕು. ನಮ್ಮ ಧರ್ಮಕೇಂದ್ರಗಳಲ್ಲಿರುವ ಪೂಜಾಪಾತ್ರೆಗಳು, ಪ್ರತಿಮೆಗಳು, ಹಳೆಯ ಜ್ಞಾನಸ್ನಾನದ ಪುಸ್ತಕಗಳು ಇವೆಲ್ಲವುಗಳ ಪಟ್ಟಿಯನ್ನು ಭಾವಚಿತ್ರ ಸಹಿತ ಸಿದ್ಧಪಡಿಸಿ, ಒಂದು ಪ್ರತಿಯನ್ನು ಬೇರೆಡೆ ಇರಿಸುವುದು ಹಿತ. ಹಿರಿಯರು ಸೆರೆಯಿಂದ ಬರಿಗೈಯಲ್ಲಿ ಮರಳಿಯೂ ಇಗರ್ಜಿ ಕಟ್ಟಿದರು. ಅವರು ಉಳಿಸಿಕೊಟ್ಟದ್ದನ್ನು ಬರೆದಿಡುವುದಾದರೂ ನಮ್ಮಿಂದಾಗಲಿ.