ಬೆಟ್ಟದ ದಾರಿಯಲ್ಲಿ ಬರೆಯದೆ ಉಳಿದ ಅರ್ಜಿ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯಲ್ಲಿ ಮಾದಪ್ಪನಿಗೆ ನಡೆದುಕೊಳ್ಳದ ಮನೆಗಳು ವಿರಳ. ಶಿವರಾತ್ರಿಗೋ ಯುಗಾದಿಗೋ ದೀಪಾವಳಿಗೋ ಅಕ್ಕಿಯ ಗಂಟನ್ನು ಹೆಗಲಿಗೇರಿಸಿ, ಉಘೇ ಎನ್ನುತ್ತ, ಸತ್ತೇಗಾಲದ ಬಳಿ ಕಾವೇರಿಯನ್ನು ದಾಟಿ, ಕೊಳ್ಳೇಗಾಲ, ಕಾಮಗೆರೆ, ಹನೂರು, ಕೌದಳ್ಳಿಗಳನ್ನು ಹಾದು ತಾಳಬೆಟ್ಟದ ಬುಡವನ್ನು ಸೇರುವ ದಾರಿಯು ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಪಾದಗಳಿಗೆ ಚೆನ್ನಾಗಿ ಪರಿಚಿತವಾದುದು. ಆ ದಾರಿಯಲ್ಲಿ ಸುಮಾರು ಮೂವತ್ತು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಇಷ್ಟು ತಡವಾಗಿಯಾದರೂ ಹೇಳಿಬಿಡಬೇಕೆಂದು ಈ ಲೇಖನಕ್ಕೆ ಕೈಹಾಕಿದ್ದೇವೆ.

1994ರ ಶಿವರಾತ್ರಿಯ ಯಾತ್ರೆ. ನಮಗೆ ಆಗ ಮೂವತ್ತು ದಾಟಿದ ಪ್ರಾಯ. ಮಠದ ಪಾಠಶಾಲೆಯಿಂದ ಹೊರಬಂದು ಕೆಲವು ವರ್ಷಗಳಾಗಿದ್ದುವು. ಕೌದಳ್ಳಿಯಿಂದ ಮುಂದೆ ಅಲ್ಲಲ್ಲಿ ಪಹರೆ; ಗಂಟುಗಳನ್ನು ಬಿಚ್ಚಿಸಿ, ಇಷ್ಟು ಅಕ್ಕಿ ಯಾರಿಗೆ ಎಂದು ಕೇಳುತ್ತಿದ್ದರು. ಮರದ ನೆರಳಿನಲ್ಲಿ ನಾವು ದಣಿವಾರಿಸಿಕೊಳ್ಳುತ್ತಿದ್ದಾಗ ನಡುವಯಸ್ಸಿನ ಒಬ್ಬ ಹೆಂಗಸು ಬಂದು ಕೈಮುಗಿದು, "ಬುದ್ಧೀ, ಒಂದು ಅರ್ಜಿ ಬರೆದುಕೊಡಿ" ಎಂದಳು. ಗಂಡನನ್ನು ವಿಚಾರಣೆಗೆಂದು ಕರೆದೊಯ್ದು ನಾಲ್ಕು ತಿಂಗಳಾಗಿತ್ತು, ಮರಳಿ ಬಂದಿರಲಿಲ್ಲ. ಯಾರಿಗೆ ಬರೆಯಬೇಕೆಂಬುದು ಅವಳಿಗೂ ತಿಳಿಯದು, ನಮಗೂ ತಿಳಿಯದು. ಜೊತೆಯಲ್ಲಿದ್ದ ಹಿರಿಯರೊಬ್ಬರು ನಮ್ಮ ತೋಳನ್ನು ಮೆಲ್ಲನೆ ಒತ್ತಿದರು. ಜೋಳಿಗೆಯಲ್ಲಿ ಕಾಗದವೂ ಇತ್ತು, ಲೇಖನಿಯೂ ಇತ್ತು. "ಮಾದಪ್ಪ ಕಾಪಾಡುತ್ತಾನೆ ತಾಯಿ" ಎಂದು ಹೇಳಿ ನಾವು ಮುಂದೆ ನಡೆದೆವು.

ಆ ಕಾಲದ ಸ್ಥಿತಿಯನ್ನು ಇಂದಿನ ಮಕ್ಕಳು ಅರಿಯರು. 1991ರ ನವೆಂಬರಿನಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಅವರನ್ನು, ಶರಣಾಗುವೆನೆಂದು ನಂಬಿಸಿ ಕಾಡಿಗೆ ಕರೆಸಿಕೊಂಡು, ವೀರಪ್ಪನ್ ಕೊಂದನು. ಗೋಪಿನಾಥಂ ಗ್ರಾಮಸ್ಥರು ಇಂದಿಗೂ ದೇವರಂತೆ ನೆನೆಯುವ ಪುಣ್ಯಾತ್ಮರು ಅವರು. 1992ರ ಮೇ ತಿಂಗಳಲ್ಲಿ ರಾಮಾಪುರದ ಪೋಲೀಸ್ ಠಾಣೆಯ ಮೇಲೆ ದಾಳಿಯಾಯಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್.ಪಿ. ಹರಿಕೃಷ್ಣ ಅವರೂ ಸಬ್ ಇನ್ಸ್‌ಪೆಕ್ಟರ್ ಷಕೀಲ್ ಅಹಮದ್ ಅವರೂ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ಸಿಡಿದ ನೆಲಬಾಂಬುಗಳಿಗೆ 22 ಮಂದಿ ಆಹುತಿಯಾದರು. ಇಂಥ ಕಟುಕನನ್ನು ಹಿಡಿಯಲು ಎರಡು ರಾಜ್ಯಗಳು ವಿಶೇಷ ಕಾರ್ಯಪಡೆಯನ್ನು ಕಾಡಿಗೆ ಇಳಿಸಿದುದು ತಪ್ಪೆಂದು ಯಾರೂ ಹೇಳಲಾರರು, ನಾವೂ ಹೇಳುವುದಿಲ್ಲ.

ಆದರೆ ಕಳ್ಳನು ಸಿಗದೆ ಹೋದಾಗ ಕಾಡಂಚಿನ ಬಡವರು ಸಿಕ್ಕರು. ಅನ್ನ ಕೊಟ್ಟವರು, ಕೊಟ್ಟರೆಂದು ಯಾರೋ ಹೇಳಿದವರು, ಏನನ್ನೂ ಕೊಡದವರು, ಎಲ್ಲರೂ ಒಂದೇ ಹಗ್ಗಕ್ಕೆ ಬಿದ್ದರು. ದೂರುಗಳು ಬಹಳವಾದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ನೇತೃತ್ವದಲ್ಲಿ, ಸಿ.ಬಿ.ಐ.ಯ ಮಾಜಿ ನಿರ್ದೇಶಕ ಸಿ.ವಿ. ನರಸಿಂಹನ್ ಅವರನ್ನೂ ಒಳಗೊಂಡ ಸಮಿತಿಯನ್ನು ನೇಮಿಸಿತು. ಅಕ್ರಮ ಬಂಧನ, ವಿದ್ಯುತ್ ಆಘಾತ, ಹೆಂಗಸರ ಮೇಲಿನ ಅತ್ಯಾಚಾರ, ಎನ್‌ಕೌಂಟರ್ ಎಂಬ ಹೆಸರಿನ ಸಾವುಗಳು: ಹೀಗೆ ಒಂದೊಂದಾಗಿ ಆ ಸಮಿತಿಯ ಮುಂದೆ ಬಂದುವು. ಚಿತ್ರಹಿಂಸೆ ನಡೆಯುತ್ತಿದ್ದ ಒಂದು ತಾಣಕ್ಕೆ 'ವರ್ಕ್‌ಶಾಪ್' ಎಂಬ ಹೆಸರಿತ್ತಂತೆ. ಅದಿದ್ದದ್ದು ಮಹದೇಶ್ವರ ಬೆಟ್ಟದ ಮೇಲೆ. ನಾವು ಉರುಳುಸೇವೆ ಮಾಡಿ, ದಾಸೋಹದಲ್ಲಿ ಉಂಡು ಮಲಗಿದ ಅದೇ ಬೆಟ್ಟದ ಮೇಲೆ.

2003ರ ಕೊನೆಯಲ್ಲಿ ವರದಿ ಸಲ್ಲಿಕೆಯಾಯಿತು. 2004ರ ಅಕ್ಟೋಬರ್ 18ರಂದು ವೀರಪ್ಪನ್ ಹತನಾದ ಕೆಲವೇ ದಿನಗಳಲ್ಲಿ ತಮಿಳುನಾಡು ಸರ್ಕಾರವು ತನ್ನ ಪಡೆಯವರಿಗೆ ತಲಾ 3 ಲಕ್ಷ ರೂಪಾಯಿ, ಬಡ್ತಿ, ನಿವೇಶನಗಳನ್ನು ಘೋಷಿಸಿತು. ನೊಂದವರ ಸರದಿ ಬಂದದ್ದು 2007ರ ಜನವರಿಯಲ್ಲಿ: 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಕೊಡಬೇಕೆಂದು ಆಯೋಗ ಶಿಫಾರಸು ಮಾಡಿತು. ಭಾಗಿಸಿ ನೋಡಿದರೆ ಅಲ್ಲಿಯೂ ತಲೆಗೆ ಸುಮಾರು 3 ಲಕ್ಷವೇ! ಹಣ ಬೇಡವೆಂದಲ್ಲ. ಆದರೆ ಹಣವನ್ನು ತೆತ್ತದ್ದು ಬೊಕ್ಕಸ. ಹೊಡೆದ ಕೈ ಯಾವುದು, ಹೊಡೆಯೆಂದ ಬಾಯಿ ಯಾವುದು ಎಂಬ ಪ್ರಶ್ನೆಗೆ ಬೊಕ್ಕಸ ಉತ್ತರಿಸಲಾರದು.

ಈ ಪ್ರಶ್ನೆಯನ್ನು ಜಗತ್ತು ಕೇಳತೊಡಗಿ ಬಹಳ ಕಾಲವಾಯಿತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ 1945-46ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ನಡೆದ ವಿಚಾರಣೆಯಲ್ಲಿ, ಮೇಲಿನವರ ಅಪ್ಪಣೆಯಂತೆ ಮಾಡಿದೆವೆಂಬ ಮಾತು ಅಪರಾಧದಿಂದ ಬಿಡುಗಡೆ ಕೊಡದು ಎಂದು ನಿರ್ಣಯವಾಯಿತು. 1998ರ ಜುಲೈ 17ರಂದು ರೋಮಿನಲ್ಲಿ ಅಂಗೀಕಾರವಾದ ಶಾಸನವು ಇನ್ನೂ ಒಂದು ಹೆಜ್ಜೆ ಮುಂದಿಟ್ಟು, ಕೈಕೆಳಗಿನವರ ಘೋರ ಕೃತ್ಯವನ್ನು ತಿಳಿದೂ ತಡೆಯದ ದಂಡನಾಯಕನೂ ಹೊಣೆಗಾರನೆಂದು ಬರೆದಿಟ್ಟಿತು. ಅದರಿಂದ ಹುಟ್ಟಿದ ಹೇಗ್ ನಗರದ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯಕ್ಕೆ 2002ರ ಜುಲೈ 1ಕ್ಕೆ ಹಿಂದಿನ ಕೃತ್ಯಗಳನ್ನು ವಿಚಾರಿಸುವ ಅಧಿಕಾರವಿಲ್ಲ. ಭಾರತವು ಆ ಶಾಸನಕ್ಕೆ ಸೇರಿಯೂ ಇಲ್ಲ. ಚಿತ್ರಹಿಂಸೆಯ ವಿರುದ್ಧದ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿದ ನಮ್ಮ ದೇಶ ಅದನ್ನು ಸ್ಥಿರೀಕರಿಸಿಲ್ಲ. ಕರ್ತವ್ಯದ ಹೆಸರಿನಲ್ಲಿ ನಡೆದ ಕೃತ್ಯಕ್ಕೆ ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ಹಳೆಯ ನಿಯಮವು 2024ರಲ್ಲಿ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿಯೂ ಉಳಿದುಕೊಂಡಿದೆ. ಆದುದರಿಂದ ತಾಳಬೆಟ್ಟದ ಆ ಹೆಂಗಸಿಗೆ ಹೇಗ್ ನಗರವು ದಿಕ್ಕಾಗದು. ಅವಳ ನ್ಯಾಯ ಇಲ್ಲಿಯೇ ತೀರಬೇಕು.

ಇಲ್ಲಿ ಅದು ತೀರಲಾರದೆ? ನೆರೆಯ ಧರ್ಮಪುರಿ ಜಿಲ್ಲೆಯ ವಾಚಾತಿ ಎಂಬ ಬುಡಕಟ್ಟಿನ ಹಳ್ಳಿಗೆ 1992ರ ಜೂನ್ 20ರಂದು, ಗಂಧದ ಮರದ ಕಳ್ಳಸಾಗಣೆಯ ಶೋಧಕ್ಕೆಂದು ಅರಣ್ಯ, ಪೋಲೀಸ್, ಕಂದಾಯ ಇಲಾಖೆಗಳವರು ನುಗ್ಗಿದರು. 18 ಹೆಂಗಸರ ಮೇಲೆ ಅತ್ಯಾಚಾರ ನಡೆಯಿತು. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿಯ ನ್ಯಾಯಾಲಯವು ಆರೋಪಿಗಳಾಗಿದ್ದ 269 ನೌಕರರಲ್ಲಿ ಬದುಕಿದ್ದ 215 ಮಂದಿಯನ್ನೂ ತಪ್ಪಿತಸ್ಥರೆಂದು ಸಾರಿತು. 54 ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. 2023ರಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿದು, ಅತ್ಯಾಚಾರಕ್ಕೊಳಗಾದವರಿಗೆ ತಲಾ 10 ಲಕ್ಷ ಕೊಡುವಂತೆಯೂ ಅದರಲ್ಲಿ ಅರ್ಧವನ್ನು ಅಪರಾಧಿಗಳಿಂದಲೇ ವಸೂಲು ಮಾಡುವಂತೆಯೂ ಆಜ್ಞಾಪಿಸಿತು. ಹತ್ತೊಂಬತ್ತು ವರ್ಷ ಹಿಡಿಯಿತು, ನಿಜ. ಆದರೂ ಇಂಥವನೇ ಮಾಡಿದನೆಂದು ಬೆರಳು ತೋರಿದ್ದಕ್ಕೆ ಬೆಲೆ ಬಂತು.

ಇಲ್ಲಿ ಒಬ್ಬ ತಂದೆಯನ್ನು ನೆನೆಯದಿದ್ದರೆ ಅನ್ಯಾಯವಾದೀತು. 2000ದ ಜುಲೈ 30ರಂದು ಡಾ. ರಾಜಕುಮಾರ್ ಅವರ ಅಪಹರಣವಾದಾಗ ಟಾಡಾ ಕೈದಿಗಳನ್ನು ಬಿಡಬೇಕೆಂದು ವೀರಪ್ಪನ್ ಪಟ್ಟು ಹಿಡಿದನು; ಸರ್ಕಾರವು ಮೊಕದ್ದಮೆಗಳನ್ನು ಹಿಂತೆಗೆಯಲು ಹೊರಟಿತು. ಮೀಣ್ಯದಲ್ಲಿ ಮಡಿದ ಷಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನಾಡೆಲ್ಲ ಕಣ್ಣೀರಿಡುತ್ತಿದ್ದ ಆ ದಿನಗಳಲ್ಲಿ ಈ ಮುದುಕರಿಗೇಕೆ ಇಂಥ ಹಟ ಎಂದು ನಾವೂ ಗೊಣಗಿದ್ದುಂಟು. ನವೆಂಬರ್ 7ರಂದು ನ್ಯಾಯಾಲಯವು ಅವರ ಮಾತನ್ನು ಒಪ್ಪಿ ಹಿಂತೆಗೆತವನ್ನು ತಡೆಯಿತು. ರಾಜಕುಮಾರ್ ಅವರು ನವೆಂಬರ್ 15ರಂದು ಕ್ಷೇಮವಾಗಿ ಬಂದರು. ಮುಂದಿನ ವರ್ಷ ಮೈಸೂರಿನ ಟಾಡಾ ನ್ಯಾಯಾಲಯವೇ ವಿಚಾರಣೆ ಮುಗಿಸಿ, ವರ್ಷಗಟ್ಟಲೆ ಸೆರೆಯಲ್ಲಿ ಕೊಳೆತ ಆರೋಪಿಗಳಲ್ಲಿ ಬಹುಪಾಲು ಮಂದಿಯನ್ನು ನಿರ್ದೋಷಿಗಳೆಂದು ಬಿಟ್ಟಿತು. ಚೌಕಾಸಿಯಿಂದ ಹೊರಬಂದಿದ್ದರೆ ಜೀವಮಾನವೆಲ್ಲ ವೀರಪ್ಪನ್‌ನ ಕಡೆಯವರೆನಿಸಿಕೊಳ್ಳುತ್ತಿದ್ದರು. ತೀರ್ಪಿನಿಂದ ಬಂದದ್ದರಿಂದ ತಲೆಯೆತ್ತಿ ಊರಿಗೆ ಹೋದರು. ಮಗನನ್ನು ಕಳೆದುಕೊಂಡ ತಂದೆ ಕೇಳಿದ್ದೂ ಗಂಡನನ್ನು ಕಳೆದುಕೊಂಡ ಆ ಹೆಂಗಸು ಕೇಳಿದ್ದೂ ಒಂದೇ ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ಕಳೆದ ಶಿವರಾತ್ರಿಗೆ ಮಳವಳ್ಳಿಯ ಭಕ್ತರೊಡನೆ ಮತ್ತೆ ಹೋಗಿದ್ದೆವು; ಮಂಡಿನೋವಿನಿಂದಾಗಿ ಕೌದಳ್ಳಿಯವರೆಗೆ ಬಸ್ಸಿನಲ್ಲಿಯೇ. ಆ ಮರ ಈಗಿಲ್ಲ, ರಸ್ತೆ ಅಗಲವಾಗಿದೆ. 89 ಮಂದಿಯಲ್ಲಿ ಅವಳೂ ಇದ್ದಳೋ ಎಂದು ವಿಚಾರಿಸುವ ಮನಸ್ಸಾಯಿತು. ಯಾರನ್ನು ಕೇಳುವುದು, ಏನೆಂದು ಕೇಳುವುದು? ಅವಳ ಹೆಸರನ್ನಾಗಲಿ ಊರನ್ನಾಗಲಿ ನಾವು ಅಂದು ಕೇಳಿಕೊಂಡಿರಲಿಲ್ಲ.