ಎಲೆಯಲ್ಲಡಗಿದ ಹಳದಿ ಗೆರೆ

ಕೊಡಗಿನ ಕಾಫಿ ತೋಟಗಳಲ್ಲಿ ಮುಂಗಾರು ಹಿಡಿದುಕೊಂಡಿತೆಂದರೆ ರಾತ್ರಿ ಕಿವಿಗೆ ಬಿಡುವಿಲ್ಲ. ತೋಟದ ಕೆರೆಯಂಚಿನ ಗಿಡಗಂಟಿಗಳಿಂದ ಹಲವು ಬಗೆಯ ಕಪ್ಪೆಗಳ ದನಿ ಒಟ್ಟಿಗೇ ಏಳುತ್ತದೆ. ಟಾರ್ಚ್ ಹಿಡಿದು ಹತ್ತಿರ ಹೋದರೆ ಥಟ್ಟನೆ ಮೌನ. ಎಲೆಯೆಲೆಯನ್ನೂ ಹುಡುಕಿದರೂ ಕಾಣುವುದು ಎಲೆಯೇ. ಕಾಲಿಗೆ ಇಂಬಳ ಹತ್ತಿದ್ದಷ್ಟೇ ಲಾಭ!

ಹೀಗೆ ಕಣ್ಣೆದುರೇ ಕೂತು ಕಣ್ಣಿಗೆ ಬೀಳದ ಜೀವಿಗಳಲ್ಲೊಂದು, ಸುಮಾರು 3 ಸೆಂಟಿಮೀಟರ್ ಉದ್ದದ ಒಂದು ಮರಗಪ್ಪೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಆಲ್ಬರ್ಟ್ ಬೂಲೆಂಜರ್ 1883ರಲ್ಲಿ ಇದನ್ನು ಮೊದಲ ಬಾರಿಗೆ ವರ್ಣಿಸಿ ರಾಕೊಫೋರಸ್ ಲ್ಯಾಟರಾಲಿಸ್ ಎಂದು ಹೆಸರಿಟ್ಟರು. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಅದರ ಸುದ್ದಿಯೇ ಇರಲಿಲ್ಲ. 2000ದ ಹೊತ್ತಿಗೆ ಅದು ಕೊಡಗಿನಲ್ಲಿ ಮತ್ತೆ ಪತ್ತೆಯಾಯಿತು. ನೆರೆಯ ವಯನಾಡಿನಲ್ಲೂ ಇದೆ. ದಿನಾಲೂ ಆಳುಗಳು ಓಡಾಡುವ, ಚಿಗುರು ತೆಗೆಯುವ, ಹಣ್ಣು ಕೊಯ್ಯುವ ತೋಟಗಳ ಸೀಮೆಯಲ್ಲಿ ಒಂದು ಪ್ರಾಣಿ ಇಷ್ಟು ಕಾಲ ತಪ್ಪಿಸಿಕೊಂಡದ್ದು ಹೇಗೆ?

ಹಗಲಿನಲ್ಲಿ ಅದು ಕೈಕಾಲು ಮಡಚಿಕೊಂಡು ಎಲೆಗೆ ಅಂಟಿದಂತೆ ಕೂತಿರುತ್ತದೆ. ಒಮ್ಮೆ ಚಿಗುರಿನ ಹಸಿರು, ಇನ್ನೊಮ್ಮೆ ಒಣಗಿದೆಲೆಯ ಕೆಂಗಂದು. ಎರಡೂ ಒಂದೇ ಕಪ್ಪೆ ಎಂದರೆ ನಂಬುವುದು ಕಷ್ಟ. ಅದಕ್ಕಿಂತ ಸೋಜಿಗದ ಸಂಗತಿ ಬೇರೆ ಇದೆ: ಹಸಿರು ಕಪ್ಪೆಗಳ ಚರ್ಮದಲ್ಲಿ ಸಾಮಾನ್ಯವಾಗಿ ಹಸಿರು ಬಣ್ಣವೇ ಇರುವುದಿಲ್ಲ! ಮೇಲಿನ ಪದರದ ಕೋಶಗಳಲ್ಲಿರುವುದು ಹಳದಿ ದ್ರವ್ಯ. ಅದರ ಕೆಳಗಿನ ಕೋಶಗಳಲ್ಲಿ ಬಣ್ಣವಿಲ್ಲ, ಸೂಕ್ಷ್ಮವಾದ ಹರಳುಗಳಿವೆ. ಅವು ಬೆಳಕಿನ ನೀಲಿಯನ್ನು ಹಿಂದಕ್ಕೆ ಕಳಿಸುತ್ತವೆ. ಆ ನೀಲಿ ಹಳದಿಯೊಳಗಿಂದ ಹಾದು ಬರುವಾಗ ನಮ್ಮ ಕಣ್ಣಿಗೆ ಹಸಿರು. ಇನ್ನೂ ಕೆಳಗೆ, ಬೇರಿನಂತೆ ಕವಲೊಡೆದ ಕೋಶಗಳಲ್ಲಿ ಕಪ್ಪು-ಕಂದು ದ್ರವ್ಯ. ಅದು ಕವಲುಗಳಿಗೆಲ್ಲ ಹರಡಿದರೆ ಮೈ ಕಂದೇರುತ್ತದೆ, ನಡುವಿಗೆ ಸರಿದು ಮುದುಡಿಕೊಂಡರೆ ತಿಳಿಯಾಗುತ್ತದೆ.

ವಸ್ತುಸಂಗ್ರಹಾಲಯದ ಶೀಶೆಗಳಲ್ಲಿ ಹಸಿರು ಕಪ್ಪೆಗಳು ಹಲವೊಮ್ಮೆ ನೀಲಿಯಾಗಿ ಕಾಣುವುದೂ ಇದರಿಂದಲೇ. ಮದ್ಯಸಾರದಲ್ಲಿ ಹಳದಿ ಕರಗಿಹೋಗುತ್ತದೆ, ಹರಳುಗಳ ನೀಲಿ ಉಳಿಯುತ್ತದೆ. ಶೀಶೆಯೊಳಗಿನ ಕಪ್ಪೆಯ ಬಣ್ಣವನ್ನು ನೆಚ್ಚಿಕೊಂಡು ತೋಟಕ್ಕಿಳಿದವನ ಪಾಡು ಹೇಳತೀರದು.

ಹಾಗಾದರೆ ಗುರುತು ಹಿಡಿಯುವುದು ಯಾವುದರಿಂದ? ಹೆಸರಿನಲ್ಲೇ ಸುಳಿವಿದೆ. ಲ್ಯಾಟರಾಲಿಸ್ ಎಂದರೆ ಲ್ಯಾಟಿನ್ನಿನಲ್ಲಿ 'ಪಕ್ಕದ' ಎಂದರ್ಥ. ಮೂತಿಯಿಂದ ಹೊರಟು ಪಕ್ಕೆಯುದ್ದಕ್ಕೂ ಹಾದು ತೊಡೆಯ ಸಂದಿನವರೆಗೆ ಒಂದು ಸಣ್ಣ ಹಳದಿ ಗೆರೆ ಓಡುತ್ತದೆ. ಆಮೇಲೆ ನೋಡಬೇಕಾದದ್ದು ಕೈಬೆರಳು. ಇದರ ಬೆರಳುಗಳ ನಡುವೆ ಪೊರೆಯಿದೆ. ಅದೇ ಪೊದೆಗಳಲ್ಲಿ ಟಿಕ್ ಟಿಕ್ ಎನ್ನುವ ಪುಟ್ಟ ಪೊದೆಗಪ್ಪೆಗಳ ಕೈಗೆ ಪೊರೆಯಿಲ್ಲ. ಮಲಬಾರಿನ ಹಾರುವ ಕಪ್ಪೆಯೂ ಹಸಿರೇ, ಆದರೆ ಅದು ಬಹಳ ದೊಡ್ಡದು, ಬೆರಳುಗಳ ಪೊರೆ ಕೆಂಪು. ದನಿಯಂತೂ ಪ್ರತಿ ಪ್ರಭೇದಕ್ಕೂ ಬೇರೆ ಬೇರೆ. ಕೂಗುವುದು ಗಂಡು ಮಾತ್ರ. ದನಿ ಬಂದ ದಿಕ್ಕನ್ನು ಇಬ್ಬರು ಎರಡು ಕಡೆ ನಿಂತು ಗೊತ್ತುಮಾಡಿಕೊಂಡರೆ ಹುಡುಕುವುದು ಸುಲಭ. ಮಕ್ಕಳು ಅಪ್ಪ-ಅಮ್ಮಂದಿರನ್ನು ಮಳೆಯಲ್ಲಿ ಹೊರಡಿಸಲು ಇದಕ್ಕಿಂತ ಒಳ್ಳೆಯ ನೆಪ ಬೇಕಿಲ್ಲ. ಕಂಡ ಕಪ್ಪೆಯನ್ನು ಮಾತ್ರ ಹಿಡಿಯಬಾರದು. ಅದು ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಹೀರುತ್ತದೆ. ಕೈಯಲ್ಲಿನ ಸಾಬೂನು, ಸೊಳ್ಳೆ ಮುಲಾಮುಗಳೂ ಆ ದಾರಿಯಲ್ಲೇ ಒಳಹೋಗುತ್ತವೆ.

ಈ ಕಪ್ಪೆಯ ನಿಜವಾದ ಜಾಣ್ಮೆ ಹೊರಬಿದ್ದದ್ದು ಇನ್ನೂ ತಡವಾಗಿ. ಇದರ ಬಳಗದ ಬಹುಪಾಲು ಮರಗಪ್ಪೆಗಳು ನೊರೆಯ ಗೂಡು ಕಟ್ಟಿದರೆ, ಇದರ ಹೆಣ್ಣು ನೀರಿನ ಮೇಲೆ ಬಾಗಿದ ಒಂದು ಎಲೆಯ ಮೇಲೆ ಮೊಟ್ಟೆಯಿಟ್ಟು, ಹಿಂಗಾಲುಗಳಿಂದ ಅಂಚುಗಳನ್ನು ಕೂಡಿಸಿ ಎಲೆಯನ್ನು ಚೀಲದಂತೆ ಮಡಿಸಿಬಿಡುತ್ತದೆ. ವಯನಾಡಿನಲ್ಲಿ ನಡೆದ ಈ ಅಧ್ಯಯನವನ್ನು ಎಸ್.ಡಿ. ಬಿಜು 2009ರಲ್ಲಿ ಪ್ರಕಟಿಸಿದರು. ಮೊಟ್ಟೆಗಳು ಒಣಗದಂತೆ ಎಲೆಯ ಚೀಲ ಕಾಯುತ್ತದೆ. ಗೊದಮೊಟ್ಟೆಗಳು ಕೆಳಗಿನ ನೀರಿಗೆ ಬಿದ್ದು ಬೆಳೆಯುತ್ತವೆ.

ಅಂದರೆ ಎಲೆಯ ಕೆಳಗೆ ನೀರಿರಲೇಬೇಕು. ಹಳೆಯ ತೋಟಗಳ ಕೆರೆ, ಜೌಗು, ನಿಂತ ನೀರಿನ ಗುಂಡಿಗಳೇ ಇದರ ತೊಟ್ಟಿಲು. 2004ರಲ್ಲಿ ಐಯುಸಿಎನ್ ಸಂಸ್ಥೆ ಇದನ್ನು ಅಪಾಯದಂಚಿನ ಪ್ರಭೇದವೆಂದು ಪಟ್ಟಿಮಾಡಿತು. ಕೆರೆಯಂಚಿನ ಪೊದೆಯನ್ನು 'ಕಳೆ' ಎಂದು ಸವರಿದರೆ ಮಡಿಸಲು ಎಲೆಯಿಲ್ಲ. ಎಲೆ ಉಳಿಸಿ ಜೌಗನ್ನು ಬಸಿದರೆ, ಚೀಲದಿಂದ ಜಾರುವ ಗೊದಮೊಟ್ಟೆ ಬೀಳುವುದು ಬರಿ ಮಣ್ಣಿಗೆ.